ಕೆಳಸುಣ್ಣದ ಬೀದಿ

ನದಿಯ ಆಚೆ ದಡದ ತರಕಾರಿ ಮಾರುಕಟ್ಟೆ ನೆಲದೊಳಗೆ ಇಳಿದುಹೋದದ್ದು ರಜೆಯ ದಿನ. ಒಬ್ಬ ಕಾವಲುಗಾರನ ಕಾಲು ಮುರಿದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಈಚೆ ದಡದವರು ಗುಂಪುಗುಂಪಾಗಿ ಸೇತುವೆ ದಾಟಿ ಹೋಗಿ ಆ ಗುಂಡಿಯನ್ನು ನೋಡಿ ಬಂದರು. ನೋಡಿ ಬಂದವರು ತಮ್ಮ ಮನೆಯೊಳಗೂ ಕೆಲವು ದಿನ ಮೆಲ್ಲಗೆ ಹೆಜ್ಜೆ ಇಟ್ಟರು.

ನಗರಸಭೆಯ ಎಂಜಿನಿಯರ್ ಸುಮ್ಮನೆ ಕೂರುವ ಮನುಷ್ಯನಲ್ಲ. ಈಚೆ ದಡದಲ್ಲಿ ನದಿಗೆ ಹತ್ತಿರವಿದ್ದ ಬೀದಿಯೊಂದರಲ್ಲಿ ಉದ್ದಕ್ಕೂ ಬೋರು ಹಾಕಿಸಿದ. ಬೋರಿನಿಂದ ಹೊರಬಂದ ಕಲ್ಲಿನ ದಿಂಡುಗಳು ಮರದ ಪೆಟ್ಟಿಗೆಗಳಲ್ಲಿ ಸಾಲಾಗಿ ಮಲಗಿ, ಭೂವಿಜ್ಞಾನ ಇಲಾಖೆಯ ಮೂರನೇ ಮಹಡಿಗೆ, ಕಲ್ಲು ಡಾಕ್ಟರ ಕೋಣೆಗೆ ಬಂದವು.

ಆ ಹೆಸರನ್ನು ಅವಳಿಗೆ ಇಟ್ಟವನು ಅವಳ ಭಾವ. ಒಮ್ಮೆ ಕಚೇರಿಗೆ ಊಟದ ಡಬ್ಬಿ ಕೊಡಲು ಬಂದಾಗ "ನಮ್ಮ ಕಲ್ಲು ಡಾಕ್ಟ್ರು ಎಲ್ಲಿ?" ಎಂದು ಬಾಗಿಲಲ್ಲೇ ಕೂಗಿದ್ದ. ಅಂದಿನಿಂದ ಮುಖ್ಯಸ್ಥನಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರಿಗೂ ಅವಳು ಕಲ್ಲು ಡಾಕ್ಟರೇ. ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅವಳಿನ್ನೂ ಶಾಲೆಯಲ್ಲಿದ್ದಳು. ಅಕ್ಕನಿಗೆ ಆಗಷ್ಟೇ ಮದುವೆಯಾಗಿತ್ತು. ಭಾವ ಯಾರನ್ನೂ ಕೇಳಲಿಲ್ಲ, ಅವಳ ಪೆಟ್ಟಿಗೆಯನ್ನು ತಾನೇ ಹೊತ್ತುಕೊಂಡು ತನ್ನ ಮನೆಗೆ ತಂದಿಟ್ಟ. ಅವನದು ಗಾಜು ಮತ್ತು ಚಿತ್ರದ ಚೌಕಟ್ಟಿನ ಅಂಗಡಿ. ಅಂಗಡಿ ಮುಂದೆ, ಮನೆ ಹಿಂದೆ. ಅವಳು ಕಾಲೇಜಿನಲ್ಲಿ ಕಲ್ಲಿನ ಬಿಲ್ಲೆ ಅಂಟಿಸುವ ಗಾಜಿನ ಪಟ್ಟಿ ಸಾಲದೆ ಪೇಚಾಡುವಾಗ, ಮಿಕ್ಕ ಗಾಜನ್ನು ಕೊಯ್ದು ಅಂಚು ಉಜ್ಜಿ ಕೊಟ್ಟವನೂ ಅವನೇ. ಅಕ್ಕ ಭಾವನಿಗೆ ಮಕ್ಕಳಾಗಲಿಲ್ಲ. "ಇನ್ನೊಂದು ಬೇರೆ ಯಾಕೆ, ಇದೊಂದನ್ನ ಸಾಕಿದ್ದೇ ಸಾಕು" ಎಂದು ಅವಳ ಕಡೆ ಕೈ ತೋರಿಸಿ ನಗುತ್ತಿದ್ದ.

ಎಂಜಿನಿಯರ್ ಬೋರು ಹಾಕಿಸಿದ್ದು ಭಾವನ ಅಂಗಡಿಯಿದ್ದ ಬೀದಿಯಲ್ಲೇ. ಒಂದು ಬೋರಂತೂ ಅಂಗಡಿಯ ಮೆಟ್ಟಿಲಿನ ಪಕ್ಕದಲ್ಲೇ.

ಕೆಲಸಕ್ಕೆ ಸೇರಿದ ಮೇಲೆ ಅವಳು ಕಚೇರಿಯ ಹತ್ತಿರ ಎರಡು ಕೋಣೆಯ ಮನೆ ಹಿಡಿದಿದ್ದಳು. ಆದರೂ ಭಾನುವಾರದ ಊಟ ಅಕ್ಕನ ಮನೆಯಲ್ಲಿ. ದಿಂಡುಗಳು ಬಂದ ವಾರ ಊಟಕ್ಕೆ ಕೂತಾಗ ಭಾವ ಕೇಳಿದ, "ಅಲ್ಲ ಕಲ್ಲು ಡಾಕ್ಟ್ರೆ, ಅದೂ ಸುಣ್ಣಕಲ್ಲು, ಇದೂ ಸುಣ್ಣಕಲ್ಲು. ಬಣ್ಣ ಒಂದೇ. ಅದರಲ್ಲಿ ನೀನು ಹುಡುಕೋದೇನು?"

"ಎರಡು ಪದರ ಇದೆ ಭಾವ. ಮೇಲಿಂದು ಗಟ್ಟಿ, ಚಪ್ಪಡಿ ಹಾಸಿದ ಹಾಗೆ. ಕೆಳಗಿಂದನ್ನ ನೀರು ತಿಂದುಹಾಕಿದೆ, ಒಳಗೆಲ್ಲಾ ಟೊಳ್ಳು. ಆಚೆ ದಡದಲ್ಲಿ ಮೇಲಿನ ಪದರ ಎಂದೋ ಸವೆದು ಹೋಗಿ ಮಾರುಕಟ್ಟೆ ಈ ಕೆಳಸುಣ್ಣದ ಮೇಲೆ ಕೂತಿತ್ತು. ಅದಕ್ಕೇ ಹೋಯ್ತು."

"ನಮ್ಮದು ಯಾವುದರ ಮೇಲೆ ಕೂತಿದೆ?"

"ಅದನ್ನೇ ನೋಡಬೇಕು. ನದಿ ಇರೋ ಕಡೆ ನೆಲ ಸೀಳಿ, ಒಂದು ಮಗ್ಗುಲು ಮೇಲೆ ಕೆಳಗೆ ಸರಿದುಬಿಟ್ಟಿದೆ. ಹಾಗಾಗಿ ಆಳ ನೋಡಿ ಹೇಳೋಕಾಗಲ್ಲ. ಆಗಿನ ಸಮುದ್ರದಲ್ಲಿ ಸಣ್ಣ ಸಣ್ಣ ಜೀವಿಗಳಿದ್ದವು, ಅವುಗಳ ಚಿಪ್ಪು ಕಲ್ಲಲ್ಲಿ ಉಳಿದಿದೆ. ಒಂದೊಂದು ಕಾಲಕ್ಕೆ ಒಂದೊಂದು ಜಾತಿ. ಕೆಳಗಿನ ಪದರದ ಕಾಲದಲ್ಲಿ ಗೋಧಿಕಾಳಿನ ಆಕಾರದ್ದು ಇತ್ತು. ಸೂಕ್ಷ್ಮದರ್ಶಕದಲ್ಲಷ್ಟೇ ಕಾಣೋ ಗೋಧಿಕಾಳು. ಅದು ಪೂರ್ತಿ ನಾಶವಾದ ಮೇಲೆ ಗುಂಡಿ ಬಂತು. ಅಂಗಿಗೆ ಹಾಕ್ತೀವಲ್ಲ, ಆ ಥರ ಚಪ್ಪಟೆ ಗುಂಡಿ. ಗುಂಡಿ ಸಿಕ್ಕಿದರೆ ಅದು ಮೇಲಿನ ಪದರ. ನಾವು ಬಚಾವ್."

ಭಾವ ತುತ್ತು ಕೈಯಲ್ಲೇ ಹಿಡಿದು ಯೋಚಿಸಿದ. ಆಮೇಲೆ ಅವನ ಮುಖ ಅರಳಿತು. "ಅಂದ್ರೆ ಗುಂಡಿ ಇದ್ರೆ ಗುಂಡಿ ಇಲ್ಲ. ಗುಂಡಿ ಇಲ್ದಿದ್ರೆ ಗುಂಡಿ ಇದೆ!"

ಅಕ್ಕನಿಗೆ ನಗು ತಡೆಯಲಾಗದೆ ನೆತ್ತಿ ಹತ್ತಿತು. ಅವಳು ಪ್ರಾಥಮಿಕ ಶಾಲೆಯ ಟೀಚರು, ಮರುದಿನ ಶಾಲೆಯ ಟೀಚರುಗಳಿಗೆಲ್ಲ ಈ ಮಾತು ಹೇಳಿದಳು. ವಾರ ಕಳೆಯುವಷ್ಟರಲ್ಲಿ ಬೀದಿಯ ಮಕ್ಕಳ ಬಾಯಲ್ಲೂ ಅದೇ.

ಕಲ್ಲು ಡಾಕ್ಟರಿಗೆ ಒಂದೂ ಗುಂಡಿ ಸಿಗಲಿಲ್ಲ.

ದಿಂಡಿನಿಂದ ಬಿಲ್ಲೆ ಕೊಯ್ದು, ಗಾಜಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ಕಂಡದ್ದು ಗೋಧಿಕಾಳು. ಅಡ್ಡ ಕೊಯ್ದದ್ದು ಸುರುಳಿಯಾಗಿ, ಉದ್ದ ಕೊಯ್ದದ್ದು ನೂಲುವ ಕದಿರಿನಂತೆ. ಅಚ್ಚುಕಟ್ಟಾಗಿ, ಒಳಗಿನ ಕೋಣೆಗಳೆಲ್ಲ ಎಣಿಸಬಹುದಾದಷ್ಟು ಸ್ಪಷ್ಟವಾಗಿ. ಬೇರೆ ದಿನವಾಗಿದ್ದರೆ ಇಷ್ಟು ಚೆಂದದ ಕಾಳು ಸಿಕ್ಕಿತೆಂದು ಪಕ್ಕದ ಕೋಣೆಯವರನ್ನು ಕರೆದು ತೋರಿಸುತ್ತಿದ್ದಳು. ಅವಳು ಆಚೆ ದಡದ ಮಾರುಕಟ್ಟೆಯ ಕಲ್ಲನ್ನು ಪಕ್ಕದಲ್ಲಿಟ್ಟು ನೋಡಿದಳು. ಅದೇ ಕಾಳು, ಅದರ ಜೊತೆಯ ಪುಡಿ ಜೀವಿಗಳೂ ಅವೇ. ಎರಡು ದಡದಲ್ಲೂ ಒಂದೇ ಸಮುದ್ರದ ಒಂದೇ ತಳ.

ಮುಖ್ಯಸ್ಥನಿಗೆ ಅವಳ ಮನೆಯ ವಿಷಯ ಗೊತ್ತಿತ್ತು. ಬೇರೆಯವರಿಗೆ ಕೊಡೋಣವೆಂದರೆ ಈ ಕೆಲಸ ಬಲ್ಲವರು ಬೇರೆ ಯಾರೂ ಇರಲಿಲ್ಲ. ಅವನು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತು ಹೇಳಿದ, "ಹಳೇ ಕಾಳುಗಳು ಕೊಚ್ಚಿಕೊಂಡು ಬಂದು ಹೊಸ ಪದರದಲ್ಲಿ ಸೇರಿಕೊಂಡಿರಬಹುದಲ್ವಾ? ಅಂಥದ್ದು ಆಗುತ್ತೆ."

ಆಗುವುದುಂಟು. ಅವಳಿಗೂ ಅದೊಂದೇ ಆಸೆ. ಕೊಚ್ಚಿಕೊಂಡು ಬಂದ ಚಿಪ್ಪಿನ ಅಂಚು ಸವೆದಿರುತ್ತದೆ, ತುದಿ ಮುರಿದಿರುತ್ತದೆ. ಅವಳು ಮತ್ತೆ ಮೊದಲಿನಿಂದ ಎಲ್ಲ ಬಿಲ್ಲೆಗಳನ್ನೂ ನೋಡಿದಳು. ಸವೆದ ಒಂದು ಅಂಚು, ಮುರಿದ ಒಂದು ತುದಿ ಕಾಣಲಿ ಎಂದು ಕಣ್ಣು ನೀರೂರುವವರೆಗೆ ನೋಡಿದಳು. ತನ್ನ ಕೆಲಸದಲ್ಲಿ ಹಿಂದೆಂದೂ ಅವಳು ಏನನ್ನೂ ಹೀಗೆ ಬೇಡಿಕೊಂಡವಳಲ್ಲ. ಆದರೆ ಚಿಪ್ಪುಗಳು ಸತ್ತ ಜಾಗದಲ್ಲೇ ಮಲಗಿದ್ದವು. ಒಂದರ ತುದಿಯೂ ಮುಕ್ಕಾಗಿರಲಿಲ್ಲ.

ಬೋರು ಹಾಕಿದವನನ್ನೂ ಕರೆದು ವಿಚಾರಿಸಿದಳು. "ಅಂಗಡಿ ಮುಂದಿನ ಬೋರಲ್ವಾ ಮೇಡಂ? ಕಲ್ಲು ಸಿಕ್ಕಿದ ಮೇಲೆ ಎರಡು ಸಲ ರಾಡು ತಾನಾಗೇ ಇಳೀತು. ನಾನು ಕೈ ಬಿಟ್ಟೆ, ಅದು ಹೊರಟೇ ಹೋಯ್ತು" ಎಂದ ಅವನು.

ವರದಿ ಬರೆಯುವಾಗ ಮುಖ್ಯಸ್ಥ ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಒಂದು ವಾಕ್ಯ ಸೂಚಿಸಿದ. ಅವಳು ಒಪ್ಪಲಿಲ್ಲ. ಬೀದಿ ಕೆಳಸುಣ್ಣದ ಮೇಲಿದೆ, ನಡುವೆ ಮಣ್ಣು ಬಿಟ್ಟರೆ ಏನೂ ಇಲ್ಲ ಎಂದು ನೇರವಾಗಿ ಬರೆದಳು.

ಎಂಜಿನಿಯರ್ ಅದನ್ನು ಓದಿ ತಾನೇ ಮಹಡಿ ಹತ್ತಿ ಬಂದ. ಒಳ್ಳೆಯ ಮನುಷ್ಯ, ನಿದ್ದೆಗೆಟ್ಟ ಕಣ್ಣು. ಒಂದೇ ಪ್ರಶ್ನೆ ಕೇಳಿದ, "ಯಾವಾಗ?"

"ಎಲ್ಲಿ ಅಂತ ಹೇಳಬಲ್ಲೆ. ಯಾವಾಗ ಅಂತ ಗೊತ್ತಿಲ್ಲ."

"ಅಂದಾಜು?"

"ನಾಳೆ ಆಗಬಹುದು. ನಮ್ಮ ಮೊಮ್ಮಕ್ಕಳ ಕಾಲಕ್ಕೂ ಆಗದೇ ಇರಬಹುದು."

ಅವನು ತಲೆಯ ಮೇಲೆ ಕೈ ಹೊತ್ತು ಕೂತ. "ಇದನ್ನ ಹೇಳಿ ನಾನು ಜನರನ್ನ ಹೇಗೆ ಎಬ್ಬಿಸಲಿ ಮೇಡಂ?"

ಆದರೂ ಎಬ್ಬಿಸಿದ. ಬೀದಿಯ ಎರಡೂ ತುದಿಗೆ ದಾರಿಗಡ್ಡವಾಗಿ ಕಂಬ ನೆಡಿಸಿದ. ಹೋಗಲು ಜಾಗವಿಲ್ಲದವರಿಗೆ ಒಂದು ಹಳೆಯ ಗೋದಾಮು ತೆರೆಸಿಕೊಟ್ಟ. ಅಕ್ಕ ಭಾವ ಅವಳ ಎರಡು ಕೋಣೆಯ ಮನೆಗೆ ಬಂದರು. ಇಪ್ಪತ್ತು ವರ್ಷದ ಹಿಂದೆ ತನ್ನನ್ನು ಕರೆತಂದವರನ್ನು ಈಗ ತಾನು ಕರೆತಂದೆ ಎಂಬ ಸಮಾಧಾನ ಅವಳಿಗೆ ಕೆಲವು ದಿನ ಇತ್ತು.

ಭಾವ ಮಾತ್ರ ನೀರಿನಿಂದ ತೆಗೆದ ಮೀನಿನಂತಾದ. ದಿನವೂ ಬೆಳಿಗ್ಗೆ ಕಂಬ ದಾಟಿ ಬೀದಿಗೆ ಹೋಗುತ್ತಿದ್ದ. ಗೋಡೆಯ ಬಿರುಕುಗಳ ಮೇಲೆ ತೆಳ್ಳನೆಯ ಗಾಜಿನ ಪಟ್ಟಿ ಅಡ್ಡಲಾಗಿ ಅಂಟಿಸಿ ಬರುತ್ತಿದ್ದ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ತನ್ನ ಮನೆಗೆ ಅಂಟಿಸಿದ, ಎದುರು ಮನೆಯ ನಿವೃತ್ತ ಕಂಡಕ್ಟರನ ಮನೆಗೆ ಅಂಟಿಸಿದ, ಬೀದಿಯ ಎಲ್ಲರ ಗೋಡೆಗೂ ಅಂಟಿಸಿದ. ಸಂಜೆ ಬಂದು ವರದಿ ಒಪ್ಪಿಸುತ್ತಿದ್ದ.

"ಒಂದೂ ಒಡೆದಿಲ್ಲ ಕಲ್ಲು ಡಾಕ್ಟ್ರೆ. ಗಾಜು ಸುಳ್ಳು ಹೇಳಲ್ಲ."

"ಗೋಡೆಗೆ ಗೊತ್ತಾಗಲ್ಲ ಭಾವ. ಅದು ಕೆಳಗಿನಿಂದ ಬೀಳುತ್ತೆ. ಒಳಗೆ ಟೊಳ್ಳಿನ ಚಾವಣಿ ಒಂದೊಂದೇ ಚಕ್ಕೆ ಕಳಚಿಕೊಳ್ತಾ ಮೇಲೆ ಬರುತ್ತೆ. ಕಡೇ ದಿನದವರೆಗೂ ಮೇಲೆ ಏನೂ ಕಾಣದೇ ಇರಬಹುದು."

"ಹಾಗಾದ್ರೆ ಕಡೇ ದಿನ ಯಾವುದು?"



ತಿಂಗಳುಗಳು ಕಳೆದವು. ಮಳೆಗಾಲ ಬಂತು, ಹೋಯಿತು. ಗೋದಾಮಿನಲ್ಲಿ ಸೊಳ್ಳೆ, ಜಗಳ, ಮಕ್ಕಳಿಗೆ ಕೆಮ್ಮು. ಮೊದಲು ಕಂಡಕ್ಟರನ ಕುಟುಂಬ ವಾಪಸು ಹೋಯಿತು. ಹಿಂದೆಯೇ ಇನ್ನೊಂದು. ಎಂಜಿನಿಯರ್ ಬಂದು ಕೂಗಾಡಿದ, ಕೈ ಮುಗಿದ. ಕಂಬಗಳನ್ನು ಯಾರೋ ಕಿತ್ತು ಸೌದೆ ಮಾಡಿಕೊಂಡರು. ದಾರಿಯಲ್ಲಿ ಕಲ್ಲು ಡಾಕ್ಟರನ್ನು ಕಂಡರೆ "ಗುಂಡಿ ಬಂತು ಗುಂಡಿ" ಎಂದು ಮಕ್ಕಳು ಹಾಡತೊಡಗಿದರು. ಅವಳಿಗೆ ಸಿಟ್ಟು ಬರಲಿಲ್ಲ. ತನ್ನ ಮಾತು ಸುಳ್ಳಾದರೆ ಅವಳಿಗಿಂತ ಸಂತೋಷಪಡುವವರು ಇನ್ನಾರಿದ್ದರು? ಆದರೆ ಬೀದಿ ಬೀಳದೇ ನಿಂತಿರುವುದು ತನ್ನ ಮಾತು ಸುಳ್ಳೆಂದೂ ಅಲ್ಲ. ಇದನ್ನು ಯಾರಿಗೆ ಹೇಗೆ ಹೇಳುವುದು?

ಒಂದು ಭಾನುವಾರ ಅಕ್ಕ ಬಟ್ಟೆ ಮಡಿಸತೊಡಗಿದಳು.

"ಬೇಡ ಅಕ್ಕ."

"ಅವರನ್ನ ನೋಡು. ಅಂಗಡಿ ಇಲ್ಲದೆ ಇಳಿದುಹೋಗಿದ್ದಾರೆ. ಇಲ್ಲಿ ಕೂತರೂ ಸಾಯ್ತಾರೆ ಪುಟ್ಟಿ."

"ಕಲ್ಲು ನೋಡಿದವಳು ನಾನು. ನನ್ನ ಮಾತಿಗೆ ಬೆಲೆ ಇಲ್ವಾ?"

"ನಿನ್ನ ಮಾತು ಸುಳ್ಳು ಅಂತ ಯಾರಂದ್ರು? ನಿನ್ನ ಕಲ್ಲಿಗೆ ಕೋಟಿ ವರ್ಷ ಟೈಮಿದೆ. ನಮಗಿರೋದು ಇಷ್ಟೇ ಇಷ್ಟು. ಅದನ್ನೂ ಪೆಟ್ಟಿಗೆ ಮೇಲೆ ಕೂತು ಕಳೀಬೇಕಾ?"

ಬಾಗಿಲಲ್ಲಿ ನಿಂತಿದ್ದ ಭಾವ ನಕ್ಕು ಹೇಳಿದ, "ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಅಂತಾರೆ. ಒಂದು ಮಳೆಗಾಲ ತಪ್ಪಿಸಿಕೊಂಡಾಯ್ತಲ್ಲ, ಬಿಡು."

ಅವಳು ಅತ್ತಳು, ಕೂಗಾಡಿದಳು, ಎರಡು ದಿನ ಮಾತು ಬಿಟ್ಟಳು. ಅವರು ಹೋದರು. ಮೂರನೇ ದಿನ ಅವಳು ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು ಅವರ ಹಿಂದೆಯೇ ಹೋದಳು. ಅವರನ್ನು ಹೊರಗೆ ತರಲಾಗದ ಮೇಲೆ ತಾನು ಒಳಗೆ ಹೋಗಿ ಇರುವುದೊಂದು ಉಳಿದಿತ್ತು. ಬುದ್ಧಿ ಇದ್ದವರು ಮಾಡುವ ಕೆಲಸವಲ್ಲವೆಂದು ಅವಳಿಗೆ ಗೊತ್ತಿತ್ತು. ಅಕ್ಕ ಏನೂ ಕೇಳದೆ ಅವಳ ಹಳೆಯ ಮಂಚದ ಮೇಲೆ ಹಾಸಿಗೆ ಬಿಡಿಸಿದಳು. ಭಾವ ಮಾತ್ರ "ನೋಡಿದ್ಯಾ, ಡಾಕ್ಟ್ರೇ ಬಂದು ಸೇರಿಕೊಂಡ ಮೇಲೆ ರೋಗ ಎಲ್ಲಿಯದು?" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ. ಆ ಮಾತು ಕೇಳಿ ಮರುವಾರ ಇನ್ನೆರಡು ಕುಟುಂಬ ವಾಪಸು ಬಂದವು. ತನ್ನನ್ನು ನೋಡಿಯೇ ಅವರು ಬಂದದ್ದೆಂದು ಅವಳಿಗೆ ಗೊತ್ತಿತ್ತು. ಅಂದೇ ಚೀಲ ಹಿಡಿದು ಹೊರಟುಬಿಡಬೇಕೆಂದುಕೊಂಡಳು. ಅಕ್ಕನ ಮುಖ ನೋಡಿ ಹೊರಡಲಾಗಲಿಲ್ಲ.

ಅದಾದ ತಿಂಗಳೊಪ್ಪತ್ತಿಗೆ, ಒಂದು ಮಾಮೂಲಿ ಬೆಳಿಗ್ಗೆ, ಅಕ್ಕ ಶಾಲೆಗೆ ಹೋಗಿದ್ದಳು, ಅವಳು ಕಚೇರಿಯಲ್ಲಿದ್ದಳು. ಫೋನು ಬಂತು. ಫೋನು ಮಾಡಿದ ಎಂಜಿನಿಯರ್ ಬೀದಿಯ ಹೆಸರು ಮಾತ್ರ ಹೇಳಿ ಫೋನಿಟ್ಟ.

ಅವಳು ಹೋಗಿ ನೋಡಿದಾಗ ಅಂಗಡಿ ಇರಲಿಲ್ಲ. ಅಂಗಡಿ ಇದ್ದ ಕಡೆ ದುಂಡನೆಯ ಬಾಯಿ. ಹಿಂದಿನ ಮನೆ ಹಾಗೇ ನಿಂತಿತ್ತು, ಅಡುಗೆಮನೆಯ ಕಿಟಕಿಯಲ್ಲಿ ಒಣಹಾಕಿದ್ದ ಟವೆಲು ಕೂಡ. ಅದರ ಗೋಡೆಯ ಗಾಜಿನ ಪಟ್ಟಿಗಳು ಒಂದೂ ಒಡೆದಿರಲಿಲ್ಲ. ಎದುರು ಮನೆಯ ಕಂಡಕ್ಟರ್ ಸಿಕ್ಕವರಿಗೆಲ್ಲ ಹೇಳುತ್ತಿದ್ದ, "ಗಾಜು ಕೊಯ್ತಾ ಇದ್ದ. ನನಗೆ ಕೈ ಎತ್ತಿದ. ನಾನು ಪೇಪರ್ ಮಡಿಸಿ ನೋಡ್ತೀನಿ, ಅಂಗಡಿ ಇಲ್ಲ. ಒಂದು ಸಲ ಕೂಗಿದ. ನಾನು ಕೇಳಿಸಿಕೊಂಡೆ. ಒಂದೇ ಸಲ."

ಅಕ್ಕ ಆಗಲೇ ಬಂದಿದ್ದಳು. ಸೀಮೆಸುಣ್ಣದ ಪುಡಿ ಇನ್ನೂ ಬೆರಳಿನಲ್ಲಿತ್ತು.

ಕೆಳಗೆ ಹಣಕಿದರೆ ಸುಮಾರು ಎರಡಂತಸ್ತಿನ ಆಳದಲ್ಲಿ ಹಸಿಮಣ್ಣು, ಮುರಿದ ಚೌಕಟ್ಟುಗಳು, ಚಾವಣಿಯ ತುಂಡು. ಮನುಷ್ಯ ಕಾಣುತ್ತಿರಲಿಲ್ಲ. ಅಗ್ನಿಶಾಮಕ ದಳದವರು ಅಂಚಿಗೆ ಹಲಗೆ ಹಾಸಿದ್ದರು. ಅವರಲ್ಲೊಬ್ಬ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಹಲಗೆಯ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದ. ಇಳಿಯಲು ಅವನು ತಯಾರು. ಅವನ ಮೇಲಧಿಕಾರಿ ಎಂಜಿನಿಯರ್ ಕಡೆ ನೋಡಿದ. ಎಂಜಿನಿಯರ್ ಕಲ್ಲು ಡಾಕ್ಟರ ಕಡೆ ತಿರುಗಿದ.

"ಮೇಡಂ, ಕೆಳಗೆ ಕಾಣೋದು ತಳವಾ? ಇವರನ್ನ ಇಳಿಸಬಹುದಾ?"

ಅಕ್ಕ ಅವಳ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಕಲ್ಲು ಇರುವುದು ಇನ್ನೂ ಬಹಳ ಕೆಳಗೆ. ಕಾಣುತ್ತಿರುವುದು ತಳವಲ್ಲ, ಟೊಳ್ಳಿನ ಬಾಯಲ್ಲಿ ಅಡ್ಡ ಸಿಕ್ಕಿಕೊಂಡ ಮಣ್ಣಿನ ಬಿರಡೆ. ಅದರ ಕೆಳಗೆ ರಾಡು ತಾನಾಗಿ ಇಳಿದ ಖಾಲಿ. ಒಂದಲ್ಲ, ಎರಡು. ಅಂಚು ಒಳಗಿನಿಂದ ಕೊರೆದುಹೋಗಿ ಬರೀ ರಸ್ತೆಯ ಡಾಂಬರಿನ ಮೇಲೆ ನಿಂತಿರಬಹುದು. ಇದಷ್ಟೂ ಅವಳಿಗೆ ತನ್ನ ಅಂಗೈಯಷ್ಟು ಸ್ಪಷ್ಟ. ಮಣ್ಣಿನಡಿ ಭಾವ ಉಸಿರಾಡುತ್ತಿದ್ದಾನೋ ಇಲ್ಲವೋ ಎಂಬುದು ಮಾತ್ರ ಅವಳಿಗೆ ಗೊತ್ತಿಲ್ಲ. ಹಲಗೆಯ ಮೇಲಿನವನು ತಲೆ ಎತ್ತಿ ಅವಳನ್ನೇ ನೋಡುತ್ತಿದ್ದ. ಎಳೆಯ ಮುಖ, ಕೆನ್ನೆಯ ಮೇಲೆ ಕ್ಷೌರದ ಗಾಯ.

"ಇಳಿಸಬೇಡಿ" ಎಂದಳು.

ತೋಳಿನ ಮೇಲಿನ ಹಿಡಿತ ಸಡಿಲವಾಯಿತು. ಅಕ್ಕ ಕೈ ತೆಗೆದುಕೊಂಡು ಒಂದು ಹೆಜ್ಜೆ ಆಚೆ ಸರಿದು ನಿಂತಳು.

"ಖಂಡಿತವಾ ಮೇಡಂ?" ಎಂಜಿನಿಯರ್ ಮತ್ತೊಮ್ಮೆ ಕೇಳಿದ.

"ಅದು ತಳ ಅಲ್ಲ. ಯಾರನ್ನೂ ಇಳಿಸಬೇಡಿ. ಜನರನ್ನ ಬೀದಿಯಿಂದ ಹೊರಗೆ ಕಳಿಸಿ."

ಹಗ್ಗಕ್ಕೆ ಕ್ಯಾಮೆರಾ ಕಟ್ಟಿ ಇಳಿಸಿದರು. ದೊಡ್ಡ ದನಿಯಲ್ಲಿ ಕರೆದರು, ಕರೆದು ಎಲ್ಲರನ್ನೂ ಸುಮ್ಮನಿರಿಸಿ ಕಿವಿಗೊಟ್ಟರು. ಮಣ್ಣು ಮಾತಾಡಲಿಲ್ಲ. ಮಧ್ಯಾಹ್ನ ಕಳೆಯಿತು, ಸಂಜೆಯಾಯಿತು. ಆ ಮಣ್ಣು ಇದ್ದಲ್ಲೇ ಇತ್ತು, ಒಂದು ಹಿಡಿಯೂ ಜಾರಲಿಲ್ಲ. "ಇಷ್ಟೊತ್ತಿಗೆ ಹತ್ತು ಸಲ ಇಳಿದು ಹತ್ತಬಹುದಿತ್ತು" ಎಂದು ಕಂಡಕ್ಟರ್ ಹೇಳಿದ. ಅವಳಿಗೆ ಕೇಳಲೆಂದು ಹೇಳಿದ್ದಲ್ಲ. ಆದರೂ ಕೇಳಿತು.

ಮರುದಿನ ಬೆಳಕು ಹರಿದು ನೋಡಿದಾಗ ಆ ಮಣ್ಣು ಇರಲಿಲ್ಲ. ಬರೀ ಕತ್ತಲು, ಕೆಳಗೆಲ್ಲೋ ನೀರಿನ ಸಪ್ಪಳ. ಎಂಜಿನಿಯರ್ ಅವಳ ಹತ್ತಿರ ಬಂದು "ನೀವು ಹೇಳಿದ್ದು ಸರಿ ಇತ್ತು" ಎಂದ. ಸಮಾಧಾನ ಮಾಡಬೇಕೆಂದೇ ಹೇಳಿದ, ಪಾಪ. ಸರಿ ಇದ್ದದ್ದು ನಿಜ, ಇಡೀ ಒಂದು ಹಗಲು ಸಮಯ ಇದ್ದದ್ದೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಅವಳ ಎದೆಯಲ್ಲಿ ಜಾಗವಿರಲಿಲ್ಲ.

ಆ ಬಾಯಿಯನ್ನು ಲಾರಿಗಟ್ಟಲೆ ಜಲ್ಲಿ ಸುರಿದು ಮುಚ್ಚಿದರು. ಭಾವನನ್ನು ತೆಗೆಯಲಾಗಲಿಲ್ಲ. ಬೀದಿ ಈ ಸಲ ನಿಜವಾಗಿ ಖಾಲಿಯಾಯಿತು, ಯಾರೂ ಗೋದಾಮಿನ ಸೊಳ್ಳೆಯ ಬಗ್ಗೆ ದೂರಲಿಲ್ಲ. "ಗುಂಡಿ ಬಂತು" ಎಂದು ಹಾಡುತ್ತಿದ್ದ ಮಕ್ಕಳು ಅವಳನ್ನು ಕಂಡರೆ ಪಕ್ಕಕ್ಕೆ ಸರಿದು ದಾರಿ ಬಿಡತೊಡಗಿದರು.

ಅಕ್ಕ ಮತ್ತೆ ಎರಡು ಕೋಣೆಯ ಮನೆಗೆ ಬಂದಳು. ಇಬ್ಬರೂ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಿದ್ದರು, ಸಂಜೆ ಬಂದು ಉಣ್ಣುತ್ತಿದ್ದರು. ಅಕ್ಕ ಅವಳನ್ನು ಒಂದು ಮಾತೂ ಅನ್ನಲಿಲ್ಲ. ತಂಗಿಯ ತಟ್ಟೆಗೆ ಮೊದಲಿನಂತೆಯೇ ಬಲವಂತವಾಗಿ ಇನ್ನೊಂದು ಸೌಟು ಬಡಿಸುತ್ತಿದ್ದಳು. ಆದರೆ ಅಂದಿನಿಂದ ಅವಳನ್ನು ಮುಟ್ಟಿರಲಿಲ್ಲ. ಲೋಟ ಕೊಡುವಾಗಲೂ ಮೇಜಿನ ಮೇಲಿಟ್ಟು ಸರಿಸುತ್ತಿದ್ದಳು. ಬೇಕೆಂದು ಮಾಡುತ್ತಿದ್ದಳೋ ಗೊತ್ತಿಲ್ಲದೆಯೋ, ಕೇಳುವ ಧೈರ್ಯ ತಂಗಿಗೆ ಇರಲಿಲ್ಲ.

ಶಾಲೆಗಳು ರಜೆ ಮುಗಿದು ತೆರೆದ ವಾರ, ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಾ ಅಕ್ಕ ಹೇಳಿದಳು, "ಸ್ಕೂಲು ತೆರೆದ ದಿನ ಅವನು ಬಂದಿದ್ದ."

"ಯಾರು?"

"ಹಗ್ಗ ಕಟ್ಟಿಕೊಂಡಿದ್ದನಲ್ಲ, ಆ ಹುಡುಗ. ಮಗಳನ್ನ ಸ್ಕೂಲಿಗೆ ಸೇರಿಸೋಕೆ. ಅವಳು ನನ್ನ ಕ್ಲಾಸಿಗೇ ಬಿದ್ದಿದ್ದಾಳೆ."

ತಂಗಿ ಅವಳ ಹಿಂದೆ ಬಂದು ನಿಂತಳು.

"ನನ್ನ ಗುರುತು ಸಿಕ್ಕಿತು ಅವನಿಗೆ. ತಲೆ ತಗ್ಗಿಸಿ ನಿಂತುಬಿಟ್ಟ. 'ನಾನು ಇಳಿಯೋಕೆ ರೆಡಿ ಇದ್ದೆ ಮೇಡಂ' ಅಂದ. ನನಗೆ ಗೊತ್ತಪ್ಪಾ ಅಂದೆ." ಅಕ್ಕ ಬಾಚಣಿಗೆಯಿಂದ ಕೂದಲು ಬಿಡಿಸಿದಳು. "ಮುದ್ದು ಮಗು. ಮುಂದಿನ ಹಲ್ಲೆರಡೂ ಇಲ್ಲ. ಪಾಠ ಮಾಡೋವಾಗ ಕಣ್ಣೆಲ್ಲಾ ಅವಳ ಮೇಲೇ. ಇವಳಪ್ಪ ಮನೆಗೆ ಹೋಗ್ತಾನಲ್ಲ, ಸಂತೋಷ ಪಡು ಅಂತ ನನಗೆ ನಾನೇ ಹೇಳಿಕೊಳ್ತೀನಿ. ಆಗ್ತಾನೇ ಇಲ್ಲ ಪುಟ್ಟಿ. ಅವಳು ನಕ್ಕರೆ ನನ್ನ ಹೊಟ್ಟೆ ಉರಿಯುತ್ತೆ. ಆರು ವರ್ಷದ ಮಗು ಅದು. ನಾನೇನು ಮಾಡ್ಲಿ?"

ಅಕ್ಕ ಅದನ್ನು ನಿಜವಾಗಿಯೂ ಕೇಳಿದ್ದಳು, ಉತ್ತರ ಸಿಗಬಹುದೆಂದು ಕನ್ನಡಿಯಲ್ಲಿ ತಂಗಿಯ ಮುಖವನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲ ಅಕ್ಕ" ಎಂದಳು ತಂಗಿ.

ಅಕ್ಕ ತಲೆಯಾಡಿಸಿದಳು. ಜಡೆ ಹೆಣೆದು ಮುಗಿಸಿ, ಚೀಲ ಹೆಗಲಿಗೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.